ಅಕೌಂಟಿಂಗ್ ಥಿಯರಿ ಮತ್ತು ಇಂಡ್ ಎಎಸ್: ಎರಡನ್ನೂ ಜೋಡಿಸಿ ಓದುವುದು ಹೇಗೆ? ತೆಂಗಿನ ತೋಟದ ಲೆಕ್ಕ ಯಾವ ಸ್ಟ್ಯಾಂಡರ್ಡ್‌ಗೆ ಬರುತ್ತದೆ?

ಕಲ್ಪತರು_ಎಂಕಾಂ (ತುಮಕೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಈ ಸೆಮಿಸ್ಟರ್‌ಗೆ ಅಕೌಂಟಿಂಗ್ ಥಿಯರಿ ಒಂದು ಪೇಪರ್, ಇಂಡ್ ಎಎಸ್ (ಭಾರತದ ಕಂಪನಿಗಳ ಲೆಕ್ಕಪತ್ರದ ಮಾನದಂಡಗಳು) ಇನ್ನೊಂದು. ಥಿಯರಿ ನೋಟ್ಸ್ ತುಂಬ ಪೇಟನ್, ವ್ಯಾಟರ್, ಚೇಂಬರ್ಸ್, ವಾಟ್ಸ್ ಮತ್ತು ಝಿಮ್ಮರ್‌ಮನ್ ಅಂತ ಹೆಸರು, ಇಸವಿಗಳೇ. ಇಂಡ್ ಎಎಸ್ ನೋಟ್ಸ್ ತುಂಬ ನಂಬರ್‌ಗಳೇ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಅಂತ ಹಿಡಿತಕ್ಕೆ ಸಿಗುತ್ತಿಲ್ಲ. ಬಲ್ಲವರು ಈ ನಾಲ್ಕನ್ನು ಬಿಡಿಸಿ ಹೇಳಿ:

ಒಂದು, ಥಿಯರಿಯನ್ನು ಸ್ಟ್ಯಾಂಡರ್ಡ್ ಜೊತೆ ಜೋಡಿಸಿ ಓದುವ ದಾರಿ ಯಾವುದು?

ಎರಡು, ತೆಂಗಿನ ತೋಟ ಇರುವ ಕಂಪನಿ ಅಂತ ಇಟ್ಟುಕೊಳ್ಳಿ. ಮರ, ಮರದ ಮೇಲಿರುವ ಕಾಯಿ, ಕಿತ್ತು ಹಾಕಿದ ಕಾಯಿ, ಅಟ್ಟದ ಮೇಲೆ ಒಣಗುತ್ತಿರುವ ಕೊಬ್ಬರಿ, ಇವೆಲ್ಲ ಕೃಷಿಯ ಇಂಡ್ ಎಎಸ್ 41ಕ್ಕೇ ಬರುತ್ತವಾ? ನಮ್ಮ ಕ್ಲಾಸಿನಲ್ಲಿ ಮೂರು ಥರದ ಉತ್ತರ ಇದೆ.

ಮೂರು, ಲೀಸ್‌ಗೆ (ಬಾಡಿಗೆ ಒಪ್ಪಂದಕ್ಕೆ) ಇರುವ ಇಂಡ್ ಎಎಸ್ 116ರಲ್ಲಿ ಬಾಡಿಗೆಯನ್ನು ವರ್ಷದ ಮೊದಲಲ್ಲೇ ಕೊಟ್ಟರೆ ಲೆಕ್ಕ ಹೇಗೆ ಬದಲಾಗುತ್ತದೆ? ಅಂಗಡಿಗೆ ಕೊಡುವ ಅಡ್ವಾನ್ಸ್ ಎಲ್ಲಿಗೆ ಹೋಗುತ್ತದೆ?

ನಾಲ್ಕು, ಪ್ರಾಜೆಕ್ಟ್‌ಗೆ "ಹಾಲು ಒಕ್ಕೂಟದಲ್ಲಿ ಇಂಡ್ ಎಎಸ್ ಅಳವಡಿಕೆ" ಅಂತ ವಿಷಯ ತೆಗೆದುಕೊಳ್ಳಬಹುದಾ?

ಟಮಕ_ಕಾಮರ್ಸ್ (ಕೋಲಾರ) ಉತ್ತರ:

ನಿಮ್ಮ ಮೊದಲ ಪ್ರಶ್ನೆಯೇ ದೊಡ್ಡದು, ಅದಕ್ಕಷ್ಟೇ ಬರೆಯುತ್ತೇನೆ. ಉಳಿದದ್ದಕ್ಕೆ ಬೇರೆಯವರು ಇದ್ದಾರೆ.

ಎರಡು ಪೇಪರ್ ಅನ್ನುವುದು ಟೈಮ್‌ಟೇಬಲ್‌ನಲ್ಲಿ ಮಾತ್ರ. ಥಿಯರಿ ಒಂದು ಪ್ರಶ್ನೆ ಎತ್ತುತ್ತದೆ, ಅದಕ್ಕೆ ಇರುವ ನಾಲ್ಕಾರು ಉತ್ತರಗಳಲ್ಲಿ ಒಂದನ್ನು ಸ್ಟ್ಯಾಂಡರ್ಡ್ ಆರಿಸಿಕೊಳ್ಳುತ್ತದೆ. ಪ್ರತಿ ಸ್ಟ್ಯಾಂಡರ್ಡ್ ಓದುವಾಗಲೂ "ಇಲ್ಲಿ ಪ್ರಶ್ನೆ ಏನಿತ್ತು, ಯಾವ ಉತ್ತರವನ್ನು ಬಿಟ್ಟರು" ಅಂತ ಮಾರ್ಜಿನ್‌ನಲ್ಲಿ ಎರಡು ಸಾಲು ಬರೆದುಕೊಳ್ಳಿ. ಬಿಟ್ಟ ಉತ್ತರ ಗೊತ್ತಿದ್ದರೆ ಆರಿಸಿದ ಉತ್ತರ ಮರೆಯುವುದಿಲ್ಲ.

ಪ್ರೊಪ್ರೈಟರಿ ಮತ್ತು ಎಂಟಿಟಿ ಥಿಯರಿ ತೆಗೆದುಕೊಳ್ಳಿ. ಪ್ರೊಪ್ರೈಟರಿಯಲ್ಲಿ ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು ಮಾಲೀಕನದು. ಹಾಗಾಗಿ ಬಡ್ಡಿ ಖರ್ಚು, ಡಿವಿಡೆಂಡ್ ಖರ್ಚಲ್ಲ. 1922ರಲ್ಲಿ ಪೇಟನ್ ಬೆಳೆಸಿದ ಎಂಟಿಟಿ ಥಿಯರಿಯಲ್ಲಿ ಸಂಸ್ಥೆಯೇ ನಡುವೆ ನಿಲ್ಲುತ್ತದೆ. ಷೇರುದಾರನೂ ಸಾಲ ಕೊಟ್ಟವನೂ ಇಬ್ಬರೂ ಬಂಡವಾಳ ಹಾಕಿದವರೇ, ಬಡ್ಡಿ ಡಿವಿಡೆಂಡ್ ಎರಡೂ ಗಳಿಕೆಯ ಹಂಚಿಕೆಯೇ. ಇವತ್ತಿನ ಇಂಡ್ ಎಎಸ್‌ನಲ್ಲಿ ಎರಡೂ ಬದುಕಿವೆ. ಇಂಡ್ ಎಎಸ್ 110ರಲ್ಲಿ ನಾನ್-ಕಂಟ್ರೋಲಿಂಗ್ ಇಂಟರೆಸ್ಟ್ (ಸಬ್ಸಿಡಿಯರಿಯಲ್ಲಿ ಹೊರಗಿನ ಷೇರುದಾರರ ಪಾಲು) ಅನ್ನು ಈಕ್ವಿಟಿಯೊಳಗೇ ತೋರಿಸುತ್ತೇವೆ, ಅದು ಎಂಟಿಟಿ ನೋಟ. ಇಂಡ್ ಎಎಸ್ 33ರ ಇಪಿಎಸ್ (ಒಂದು ಷೇರಿನ ಗಳಿಕೆ) ಮಾತ್ರ ಪೇರೆಂಟ್ ಕಂಪನಿಯ ಈಕ್ವಿಟಿ ಷೇರುದಾರರ ಪಾಲಿನ ಲಾಭವನ್ನಷ್ಟೇ ಹಿಡಿಯುತ್ತದೆ, ಅದು ಪ್ರೊಪ್ರೈಟರಿ ನೋಟ. ಪರೀಕ್ಷೆಯಲ್ಲಿ ಈ ಎರಡು ಉದಾಹರಣೆ ಬರೆದರೆ ಇಸವಿಗಳ ಪಟ್ಟಿಗಿಂತ ಹೆಚ್ಚು ತೂಕ. 1947ರ ವ್ಯಾಟರ್‌ನ ಫಂಡ್ ಥಿಯರಿಗೆ ನಗರಸಭೆಯ ಫಂಡ್‌ವಾರು ಲೆಕ್ಕ ಸಾಕು, ಅಲ್ಲಿಗೆ ಮುಗಿಸಿ.

ಹೆಚ್ಚು ಸಮಯ ಕೊಡಬೇಕಾದದ್ದು ಕ್ಯಾಪಿಟಲ್ ಮೇಂಟೆನೆನ್ಸ್‌ಗೆ, ಅಂದರೆ ಬಂಡವಾಳ ಉಳಿಸಿಕೊಂಡ ಮೇಲೆ ಮಿಕ್ಕದ್ದಷ್ಟೇ ಲಾಭ ಅನ್ನುವ ವಿಚಾರಕ್ಕೆ. ಒಬ್ಬ ವ್ಯಾಪಾರಿ ಹುಣಸೆಹಣ್ಣನ್ನು 10,000 ರೂಪಾಯಿಗೆ ಕೊಂಡು 15,000ಕ್ಕೆ ಮಾರಿದ ಅಂತ ಹಿಡಿಯಿರಿ. ಮಾರುವ ಹೊತ್ತಿಗೆ ಅಷ್ಟೇ ಮಾಲನ್ನು ಮತ್ತೆ ಕೊಳ್ಳಲು 12,000 ಬೇಕು. ಸಾಮಾನ್ಯ ಬೆಲೆ ಸೂಚ್ಯಂಕ ಶೇ. 10 ಏರಿದೆ. ಲಾಭ ಎಷ್ಟು?

ಹಾಕಿದ ರೂಪಾಯಿ ಉಳಿದರೆ ಸಾಕು ಅಂದರೆ ಲಾಭ 5,000. ಹಾಕಿದ ಹಣದ ಕೊಳ್ಳುವ ಶಕ್ತಿ ಉಳಿಯಬೇಕು ಅಂದರೆ ಬಂಡವಾಳ 11,000 ಆಗುತ್ತದೆ, ಲಾಭ 4,000. ಅದೇ ಮಾಲನ್ನು ಮತ್ತೆ ತುಂಬುವ ಶಕ್ತಿ ಉಳಿಯಬೇಕು ಅಂದರೆ ಲಾಭ 3,000 ಮಾತ್ರ. ವಹಿವಾಟು ಒಂದೇ, ಲಾಭ ಮೂರು. 1961ರಲ್ಲಿ ಎಡ್ವರ್ಡ್ಸ್ ಮತ್ತು ಬೆಲ್ ಮೊದಲ 5,000ವನ್ನೇ 3,000 ಆಪರೇಟಿಂಗ್ ಲಾಭ, 2,000 ಹೋಲ್ಡಿಂಗ್ ಗೇನ್ (ಮಾಲು ಕೈಯಲ್ಲಿದ್ದಾಗ ಅದರ ಬೆಲೆ ಏರಿದ್ದರಿಂದ ಬಂದದ್ದು) ಅಂತ ಒಡೆದು ತೋರಿಸುವ ದಾರಿ ಹಾಕಿದರು. 1966ರಲ್ಲಿ ಚೇಂಬರ್ಸ್ ಕೊಳ್ಳುವ ಬೆಲೆ ಬಿಟ್ಟು ಮಾರಿದರೆ ಕೈಗೆ ಬರುವ ಬೆಲೆಯನ್ನೇ ಹಿಡಿಯಬೇಕು ಎಂದರು.

ಹುಡುಗರು ಎಡವುವುದು ಇಲ್ಲಿ: ಫಿಸಿಕಲ್ ಕ್ಯಾಪಿಟಲ್ ವಿಧಾನದಲ್ಲಿ (ಮೇಲಿನ ಮೂರನೆಯ ದಾರಿ) ಆ 2,000 ಲಾಭಕ್ಕೆ ಹೋಗುವುದಿಲ್ಲ, ಈಕ್ವಿಟಿಯೊಳಗಿನ ಹೊಂದಾಣಿಕೆಯಾಗಿ ಕೂರುತ್ತದೆ. ಅದನ್ನು ಲಾಭಕ್ಕೆ ಸೇರಿಸಿದರೆ ಮತ್ತೆ 5,000 ಬಂದು ಇಡೀ ಲೆಕ್ಕ ಅರ್ಥ ಕಳೆದುಕೊಳ್ಳುತ್ತದೆ. ಇಂಡ್ ಎಎಸ್ ಬಹುಪಾಲು ಮೊದಲ ದಾರಿಯಲ್ಲೇ ನಡೆಯುತ್ತದೆ. ಎರಡನೆಯ ದಾರಿ ಬೇಕಾದರೆ ಹೈಪರ್‌ಇನ್‌ಫ್ಲೇಶನ್ (ವಿಪರೀತ ಬೆಲೆ ಏರಿಕೆ) ಇರುವ ಕರೆನ್ಸಿಗೆಂದೇ ಇರುವ ಇಂಡ್ ಎಎಸ್ 29 ನೋಡಿ.

ಇನ್ನು ವಾಟ್ಸ್ ಮತ್ತು ಝಿಮ್ಮರ್‌ಮನ್. 1978ರಲ್ಲಿ ಇವರು ಕೇಳಿದ ಪ್ರಶ್ನೆಯೇ ಬೇರೆ. ಯಾವ ಪದ್ಧತಿ ಸರಿ ಅನ್ನುವುದನ್ನು ಬದಿಗಿಟ್ಟು, ಮ್ಯಾನೇಜರ್‌ಗಳು ಯಾವ ಪದ್ಧತಿಯನ್ನು ಯಾಕೆ ಹಿಡಿಯುತ್ತಾರೆ ಎಂದು ಕೇಳಿದರು. ಇದರಿಂದ ಬೆಳೆದ ಮೂರು ಊಹೆ ನೆನಪಿರಲಿ: ಬೋನಸ್, ಸಾಲದ ಕರಾರು, ಕಂಪನಿಯ ಗಾತ್ರಕ್ಕೆ ತಕ್ಕ ರಾಜಕೀಯ ವೆಚ್ಚ. ಇದನ್ನು ಇಂಡ್ ಎಎಸ್ 116ಕ್ಕೆ ಹಚ್ಚಿ ನೋಡಿ. ಮೊದಲು ಆಪರೇಟಿಂಗ್ ಲೀಸ್ ಬ್ಯಾಲೆನ್ಸ್ ಶೀಟ್ ಹೊರಗಿತ್ತು. 2019ರ ಏಪ್ರಿಲ್ 1ರಿಂದ ಲೀಸ್ ಸಾಲ ಒಳಗೆ ಬಂತು, ಡೆಟ್-ಈಕ್ವಿಟಿ ಅನುಪಾತ ಏರಿತು. ಬ್ಯಾಂಕ್ ಸಾಲದ ಕರಾರು ಮುರಿಯುವ ಅಂಚಿನಲ್ಲಿರುವ ಕಂಪನಿ ಲೀಸ್ ಅವಧಿಯನ್ನು ಚಿಕ್ಕದಾಗಿ ತೋರಿಸಲು ಯಾಕೆ ಆಸೆಪಡುತ್ತದೆ ಅನ್ನುವುದಕ್ಕೆ ಥಿಯರಿ ಪೇಪರ್‌ನಲ್ಲೇ ಉತ್ತರ ಇದೆ.

ತಿಪಟೂರು_ಆಡಿಟ್ ಉತ್ತರ:

ಎರಡನೇ ಪ್ರಶ್ನೆಗೆ. ನಿಮ್ಮ ಕ್ಲಾಸಿನ ಮೂರು ಉತ್ತರದಲ್ಲಿ ಯಾವುದು ಸರಿ ಅಂತ ನೋಡುವ ಮೊದಲು ತೋಟವನ್ನು ನಾಲ್ಕು ತುಂಡು ಮಾಡಿಕೊಳ್ಳಿ.

ತೆಂಗಿನ ಮರ ಬೇರರ್ ಪ್ಲಾಂಟ್. ಹಲವು ವರ್ಷ ಫಲ ಕೊಡುತ್ತದೆ, ಮರವನ್ನೇ ಬೆಳೆಯಾಗಿ ಮಾರುವ ಉದ್ದೇಶ ಇಲ್ಲ. ಅದಕ್ಕೆ ಕಟ್ಟಡ, ಯಂತ್ರದಂಥ ಸ್ಥಿರಾಸ್ತಿಯ ಇಂಡ್ ಎಎಸ್ 16. ಸಸಿ ನೆಟ್ಟಾಗಿನಿಂದ ಫಲಕ್ಕೆ ಬರುವವರೆಗಿನ ಖರ್ಚು ಸ್ವಂತ ಕಟ್ಟಡ ಕಟ್ಟಿಸುವಾಗ ಹೇಗೋ ಹಾಗೆ ಸೇರುತ್ತಾ ಹೋಗುತ್ತದೆ, ಫಲಕ್ಕೆ ಬಂದ ಮೇಲೆ ಡಿಪ್ರಿಸಿಯೇಶನ್ ಶುರು. ಮುದಿಮರವನ್ನು ಕಡಿದು ಸೌದೆಗೆ ಮಾರಿದರೆ ಅದು ಗುಜರಿ ಮಾರಿದಂತೆ, ವರ್ಗೀಕರಣ ಬದಲಾಗುವುದಿಲ್ಲ. ಭೂಮಿಯೂ 16ಕ್ಕೇ.

ಮರದ ಮೇಲಿರುವ ಕಾಯಿ ಬಯಲಾಜಿಕಲ್ ಅಸೆಟ್ (ಜೀವವಿರುವ ಆಸ್ತಿ). ಇದು 41. ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ, ಮರ 16ಕ್ಕೆ ಹೋಯಿತು ಅಂದರೆ ಕಾಯಿಯೂ ಹೋಯಿತು ಅಂದುಕೊಂಡು. 41ರ ಪ್ಯಾರಾ 5ಸಿ ಇದನ್ನು ನೇರವಾಗಿಯೇ ಹೇಳುತ್ತದೆ.

ಕಿತ್ತ ಕ್ಷಣ ಕಾಯಿ ಕೃಷಿ ಉತ್ಪನ್ನ. ಆ ಕ್ಷಣದ ಅಳತೆ 41ರದು: ಫೇರ್ ವ್ಯಾಲ್ಯೂ (ಆ ದಿನ ಮಾರುಕಟ್ಟೆಯಲ್ಲಿ ಮಾರಿದರೆ ಬರುವ ಬೆಲೆ) ಮೈನಸ್ ಮಾರಾಟದ ಖರ್ಚು. ಅಲ್ಲಿಂದ ಮುಂದಕ್ಕೆ ಇಂಡ್ ಎಎಸ್ 2, ಸ್ಟಾಕ್. ಕೊಬ್ಬರಿ ಪೂರ್ತಿ 2ಕ್ಕೇ ಸೇರಿದ್ದು.

ಲೆಕ್ಕ ಹಾಕೋಣ. ಬೆಲೆ ಎಲ್ಲ ಉದಾಹರಣೆಗೆ ಹಿಡಿದದ್ದು. 10,000 ಕಾಯಿ ಕಿತ್ತಿದ್ದಾರೆ. ಮಾರುಕಟ್ಟೆಯಲ್ಲಿ ಕಾಯಿಗೆ 30 ರೂಪಾಯಿ, ತೋಟದಿಂದ ಮಾರುಕಟ್ಟೆಗೆ ಸಾಗಣೆ 1 ರೂಪಾಯಿ, ದಲ್ಲಾಳಿ ಕಮಿಷನ್ 2 ರೂಪಾಯಿ. ಸಾಗಣೆಯನ್ನು ಮಾರಾಟದ ಖರ್ಚಿಗೆ ಸೇರಿಸಬಾರದು. ಅದು ಫೇರ್ ವ್ಯಾಲ್ಯೂ ಕಂಡುಹಿಡಿಯುವಾಗಲೇ ಕಳೆದುಹೋಗುತ್ತದೆ, ಯಾಕೆಂದರೆ ಮಾಲು ಎಲ್ಲಿದೆ ಅನ್ನುವುದೂ ಅದರ ಒಂದು ಗುಣ. ಹಾಗಾಗಿ ಫೇರ್ ವ್ಯಾಲ್ಯೂ 29, ಅದರಲ್ಲಿ ಕಮಿಷನ್ 2 ಕಳೆದು 27. ಒಟ್ಟು 2,70,000. ಕೊನೆಯ ಉತ್ತರ ಎರಡೂ ದಾರಿಯಲ್ಲಿ ಒಂದೇ ಬರುತ್ತದೆ, ಆದರೆ ಫೇರ್ ವ್ಯಾಲ್ಯೂ ಎಷ್ಟು ಅಂತ ಬಿಡಿಯಾಗಿ ಕೇಳಿದರೆ 30 ಬರೆದವರಿಗೆ ಮಾರ್ಕ್ಸ್ ಹೋಗುತ್ತದೆ. ಬಡ್ಡಿ, ಆದಾಯ ತೆರಿಗೆ ಎರಡನ್ನೂ ಮಾರಾಟದ ಖರ್ಚಿಗೆ ಸೇರಿಸುವಂತಿಲ್ಲ.

ಇನ್ನೊಂದು ಕಡೆ ಎಡವುತ್ತಾರೆ. ಈ 2,70,000 ಪೂರ್ತಿ ಈ ವರ್ಷದ ಲಾಭ ಅಲ್ಲ. ಮಾರ್ಚ್ 31ಕ್ಕೆ ಇದೇ ಕಾಯಿಗಳು ಮರದ ಮೇಲಿದ್ದು 1,80,000ಕ್ಕೆ ಬ್ಯಾಲೆನ್ಸ್ ಶೀಟ್‌ನಲ್ಲಿ ಇದ್ದವು ಅಂದರೆ ಆ ಭಾಗದ ಲಾಭ ಹೋದ ವರ್ಷವೇ ಬಂದುಬಿಟ್ಟಿದೆ. ಈ ವರ್ಷಕ್ಕೆ 90,000 ಮಾತ್ರ. ಗೊಬ್ಬರ, ಕೂಲಿ ಖರ್ಚನ್ನು ಅದರ ಪಾಡಿಗೆ ಬೇರೆ ತೋರಿಸಿ.

ಒಂದು ಎಚ್ಚರಿಕೆ: ಇಂಡ್ ಎಎಸ್ ಎಲ್ಲ ಕಂಪನಿಗೂ ಇಲ್ಲ. ಲಿಸ್ಟ್ ಆಗಿರಬೇಕು ಅಥವಾ ನೆಟ್‌ವರ್ತ್ 250 ಕೋಟಿ ಮುಟ್ಟಿರಬೇಕು, ಇಲ್ಲವೇ ಅಂಥ ಕಂಪನಿಯ ಹೋಲ್ಡಿಂಗ್, ಸಬ್ಸಿಡಿಯರಿ, ಅಸೋಸಿಯೇಟ್ ಅಥವಾ ಜಾಯಿಂಟ್ ವೆಂಚರ್ ಆಗಿರಬೇಕು. ನಮ್ಮ ಭಾಗದ ರೈತ ಉತ್ಪಾದಕ ಕಂಪನಿಗಳು ಸಾಮಾನ್ಯವಾಗಿ ಹಳೆಯ ಎಎಸ್‌ನಲ್ಲೇ (ಇಂಡ್ ಎಎಸ್‌ಗಿಂತ ಮುಂಚಿನ ಲೆಕ್ಕಪತ್ರ ಮಾನದಂಡ) ಇರುತ್ತವೆ, ಅಲ್ಲಿ ಕೃಷಿಗೆಂದು ಸ್ಟ್ಯಾಂಡರ್ಡೇ ಇಲ್ಲ.

ಸಿಎ_ಇಂಟರ್_ಶಿರಾ:

ಅಣ್ಣ, ಒಂದು ಡೌಟು. ಕೊಬ್ಬರಿ ಆಗಲು ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇರಬೇಕು. ಇಂಡ್ ಎಎಸ್ 2ರಲ್ಲಿ ಸ್ಟೋರೇಜ್ ಖರ್ಚು ಸ್ಟಾಕ್ ಬೆಲೆಗೆ ಸೇರುವುದಿಲ್ಲ, ನೇರ ಪಿ ಅಂಡ್ ಎಲ್‌ಗೆ (ಲಾಭ-ನಷ್ಟದ ಪಟ್ಟಿಗೆ) ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಹಾಗಾದರೆ ಅಟ್ಟದ ಖರ್ಚು ಪೂರ್ತಿ ಖರ್ಚಿಗೇ ಬರೆಯಬೇಕಲ್ವಾ?

ತಿಪಟೂರು_ಆಡಿಟ್:

ನಿಯಮದ ಅರ್ಧ ಮಾತ್ರ ನಿಮಗೆ ಸಿಕ್ಕಿದೆ. ಪ್ಯಾರಾ 16(ಬಿ) ಪೂರ್ತಿ ಓದಿ: ಮುಂದಿನ ಉತ್ಪಾದನಾ ಹಂತಕ್ಕೆ ಹೋಗುವ ಮೊದಲು ಅಗತ್ಯವಾಗಿ ಇಡಲೇಬೇಕಾದ ದಾಸ್ತಾನು ಖರ್ಚನ್ನು ಬಿಟ್ಟು, ಉಳಿದ ದಾಸ್ತಾನು ಖರ್ಚು ಪಿ ಅಂಡ್ ಎಲ್‌ಗೆ. ಉಂಡೆ ಕೊಬ್ಬರಿಗೆ ಅಟ್ಟದ ಆ ತಿಂಗಳುಗಳೇ ಉತ್ಪಾದನೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಳ್ಳುವುದು ಅಲ್ಲೇ. ಅದಿಲ್ಲದೆ ಮಾಲೇ ಇಲ್ಲ.

ಮೇಲಿನ ಲೆಕ್ಕ ಮುಂದುವರಿಸಿ. ಕಾಯಿಯ ಬೆಲೆ 2,70,000. ಅಟ್ಟದ ಅವಧಿಯ ಖರ್ಚು 18,000. ಸುಲಿಯುವುದು, ಒಡೆಯುವುದು 22,000. ಒಟ್ಟು 3,10,000. ಪ್ರತಿ ಸಲವೂ ಒಂದಷ್ಟು ಕಾಯಿ ಕೊಳೆಯುವುದು ಸಹಜ. ಆ ಸಹಜ ನಷ್ಟ 400 ಕಾಯಿ ಅಂತ ಹಿಡಿದರೆ ಉಳಿದ 9,600ರ ಮೇಲೆ ಹಂಚಿ, ಒಂದಕ್ಕೆ 32.29 ರೂಪಾಯಿ. ಅಟ್ಟ ಸೋರಿ 1,500 ಕಾಯಿ ಹಾಳಾಯಿತು ಅಂದರೆ ಸಹಜ ಮಟ್ಟ ಮೀರಿದ ನಷ್ಟ ನೇರ ಪಿ ಅಂಡ್ ಎಲ್‌ಗೆ, ಉಳಿದ ಕೊಬ್ಬರಿಯ ತಲೆಗೆ ಕಟ್ಟುವಂತಿಲ್ಲ.

ಈಗ ನಿಮ್ಮ ಕ್ಲಾಸಿನ ನಿಯಮ ಎಲ್ಲಿ ಬರುತ್ತದೆ ನೋಡಿ. ಕೊಬ್ಬರಿ ತಯಾರಾಗಿ ಚೀಲಕ್ಕೆ ತುಂಬಿದ ಮೇಲೆ ಒಳ್ಳೆ ಬೆಲೆ ಬರಲಿ ಅಂತ ಗೋಡೌನ್‌ನಲ್ಲಿ ಮೂರು ತಿಂಗಳು ಇಟ್ಟರೆ ಆ ಬಾಡಿಗೆ ಸ್ಟಾಕ್‌ಗೆ ಸೇರುವುದಿಲ್ಲ. ಅಟ್ಟದ್ದೂ ದಾಸ್ತಾನು, ಗೋಡೌನ್‌ದೂ ದಾಸ್ತಾನು, ಆದರೆ ಒಂದು ಸೇರುತ್ತದೆ, ಇನ್ನೊಂದು ಸೇರುವುದಿಲ್ಲ. ಇಂಥ ವ್ಯತ್ಯಾಸ ಪರೀಕ್ಷೆಯಲ್ಲಿ ಬರೆದವರ ಪೇಪರ್ ಎದ್ದು ಕಾಣುತ್ತದೆ. ಕೊನೆಗೆ 32.29ನ್ನು ನೆಟ್ ರಿಯಲೈಸಬಲ್ ವ್ಯಾಲ್ಯೂ (ಮಾರಾಟದ ಬೆಲೆಯಲ್ಲಿ ಖರ್ಚು ಕಳೆದು ಕೈಗೆ ಬರುವ ಮೊತ್ತ) ಜೊತೆ ಹೋಲಿಸಿ ಕಡಿಮೆ ಇರುವುದನ್ನು ಹಿಡಿಯುವುದು ಮರೆಯಬೇಡಿ.

ಶಿಡ್ಲಘಟ್ಟ_ಗೂಡು (ಚಿಕ್ಕಬಳ್ಳಾಪುರ) ಉತ್ತರ:

ತೆಂಗಿನ ಪಕ್ಕದಲ್ಲಿ ರೇಷ್ಮೆಯನ್ನೂ ಇಟ್ಟು ನೋಡಿದರೆ 41 ಪೂರ್ತಿ ಬಿಡಿಸಿಕೊಳ್ಳುತ್ತದೆ. ಹಿಪ್ಪುನೇರಳೆ ಗಿಡ ವರ್ಷಗಟ್ಟಲೆ ಸೊಪ್ಪು ಕೊಡುತ್ತದೆ, ಬೇರರ್ ಪ್ಲಾಂಟ್, ಇಂಡ್ ಎಎಸ್ 16. ಹುಳು ಬಯಲಾಜಿಕಲ್ ಅಸೆಟ್, 41. ಬೇರರ್ ಪ್ಲಾಂಟ್ ವಿನಾಯಿತಿ ಗಿಡಗಳಿಗೆ ಮಾತ್ರ ಇರುವುದು, ಪ್ರಾಣಿಗಳಿಗಿಲ್ಲ. ಹಾಗಾಗಿಯೇ ಹಾಲು ಕೊಡುವ ಹಸು ಎಷ್ಟು ವರ್ಷ ಕರೆದರೂ 41ರಲ್ಲೇ ಉಳಿಯುತ್ತದೆ. ಚಂದ್ರಿಕೆಯಿಂದ (ಹುಳು ಗೂಡು ಕಟ್ಟುವ ತಟ್ಟೆಯಿಂದ) ಬಿಡಿಸಿದ ಗೂಡು ಕೃಷಿ ಉತ್ಪನ್ನ, ರೀಲಿಂಗ್ ಆಗಿ ಬಂದ ನೂಲು ಇಂಡ್ ಎಎಸ್ 2.

ಮಾರ್ಚ್ 31ಕ್ಕೆ ಮನೆ ತುಂಬ ಹುಳು ಇದ್ದರೆ ಬೆಲೆ ಕಟ್ಟುವುದು ಹೇಗೆ ಅನ್ನುವುದು ಒಳ್ಳೆಯ ಪ್ರಶ್ನೆ. ಎರಡು ದಿನದ ಹಿಂದೆ ತಂದ ಚಾಕಿ (ಎಳೆಯ) ಹುಳುವಾದರೆ ಕೊಂಡ ಬೆಲೆಯೇ ಫೇರ್ ವ್ಯಾಲ್ಯೂಗೆ ಹತ್ತಿರ ಇರುತ್ತದೆ, ಯಾಕೆಂದರೆ ಬೆಳವಣಿಗೆ ಇನ್ನೂ ಅಷ್ಟಾಗಿ ಆಗಿಲ್ಲ. ಪ್ಯಾರಾ 24 ಇದನ್ನು ಒಪ್ಪುತ್ತದೆ. ಹುಳು ಹಣ್ಣಾಗಿ ಗೂಡು ಕಟ್ಟಲು ಬಿಡುವ ಹಂತದಲ್ಲಿದ್ದರೆ ಆ ಮಾತು ನಡೆಯುವುದಿಲ್ಲ. ಆಗ ಬರಬೇಕಾದ ಗೂಡಿನ ಮಾರುಕಟ್ಟೆ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು, ಉಳಿದ ದಿನಗಳ ಖರ್ಚು ಮತ್ತು ಹುಳು ಸಾಯುವ ಅಪಾಯ ಎರಡನ್ನೂ ಕಳೆದು.

ನಮ್ಮ ಕಡೆಯ ದ್ರಾಕ್ಷಿ ಬಳ್ಳಿ ಬೇರರ್ ಪ್ಲಾಂಟ್. ಕೋಲಾರದ ಟೊಮೆಟೊ ಅಲ್ಲ, ಅದು ಒಂದು ಬೆಳೆಗೆ ಮುಗಿಯುವ ಗಿಡ, ಹೊಲದಲ್ಲಿ ನಿಂತ ಪೂರ್ತಿ ಬೆಳೆಯೇ 41ಕ್ಕೆ.

ಬಿ.ಎಚ್.ರಸ್ತೆ_ಅಕೌಂಟ್ಸ್ (ತುಮಕೂರು) ಉತ್ತರ:

ಮೂರನೇ ಪ್ರಶ್ನೆ, ಲೀಸ್. ಮೂರು ವರ್ಷ, ವರ್ಷಕ್ಕೆ 1,00,000 ಬಾಡಿಗೆ, ದರ ಶೇ. 10 ಅಂತ ಇಟ್ಟುಕೊಳ್ಳಿ.

ವರ್ಷದ ಕೊನೆಗೆ ಕೊಟ್ಟರೆ: ಮೂರು ಕಂತಿನ ಇವತ್ತಿನ ಬೆಲೆ 90,909, 82,645, 75,131 ಕೂಡಿಸಿ 2,48,685. ಇದೇ ಲೀಸ್ ಸಾಲ, ಇದೇ ರೈಟ್ ಆಫ್ ಯೂಸ್ (ಬಳಸುವ ಹಕ್ಕಿನ) ಆಸ್ತಿ. ಮೊದಲ ವರ್ಷದ ಬಡ್ಡಿ 24,869, ಡಿಪ್ರಿಸಿಯೇಶನ್ 82,895, ಒಟ್ಟು ಖರ್ಚು 1,07,764. ಎರಡನೇ ವರ್ಷ 1,00,250. ಮೂರನೇ ವರ್ಷ 91,986. ಮೂರೂ ಕೂಡಿದರೆ ಸರಿಯಾಗಿ 3,00,000. ಉತ್ತರ ಬರೆದ ಮೇಲೆ ಈ ಕೂಡಿಕೆಯನ್ನು ಮಾಡಿ ನೋಡಿ, ಹೊಂದಲಿಲ್ಲ ಅಂದರೆ ಎಲ್ಲೋ ಬಡ್ಡಿ ತಪ್ಪಿದೆ.

ವರ್ಷದ ಮೊದಲಲ್ಲಿ ಕೊಟ್ಟರೆ: ಮೊದಲ 1,00,000 ಲೀಸ್ ಶುರುವಾದ ದಿನವೇ ಕೈಬಿಟ್ಟಿತು, ಅದು ಸಾಲವೇ ಅಲ್ಲ. ಸಾಲ ಉಳಿದ ಎರಡು ಕಂತಿನದು ಮಾತ್ರ, 1,73,554. ಆಸ್ತಿಗೆ ಮಾತ್ರ ಆ 1,00,000 ಸೇರಿ 2,73,554. ಇಲ್ಲಿ ಸಾಲವೂ ಆಸ್ತಿಯೂ ಒಂದೇ ಮೊತ್ತ ಆಗಿರಲೇಬೇಕು ಅಂತ ನಂಬಿಕೊಂಡವರು ಇಡೀ ಟೇಬಲ್ ತಪ್ಪು ಹಾಕುತ್ತಾರೆ. ಮೊದಲ ವರ್ಷದ ಬಡ್ಡಿ 1,73,554ರ ಮೇಲೆ, 17,355.

ಅಡ್ವಾನ್ಸ್ ವಿಷಯ. ಬಡ್ಡಿಯಿಲ್ಲದೆ ಮಾಲೀಕರ ಹತ್ತಿರ ಇಟ್ಟು ಕೊನೆಗೆ ವಾಪಸ್ ಬರುವ 1,00,000 ಅಂದರೆ ಅದು ಇಂಡ್ ಎಎಸ್ 109ರ ಫೈನಾನ್ಷಿಯಲ್ ಅಸೆಟ್ (ಹಣಕಾಸಿನ ಆಸ್ತಿ). ಮೂರು ವರ್ಷಕ್ಕೆ ಶೇ. 10ರಲ್ಲಿ ಇವತ್ತಿನ ಬೆಲೆ 75,131. ಉಳಿದ 24,869 ಬಾಡಿಗೆಯನ್ನೇ ಮುಂಗಡ ಕೊಟ್ಟಂತೆ, ರೈಟ್ ಆಫ್ ಯೂಸ್ ಆಸ್ತಿಗೆ ಸೇರಿಸಿ. ಆಮೇಲೆ ವರ್ಷವರ್ಷ 75,131ರ ಮೇಲೆ ಬಡ್ಡಿ ಆದಾಯ ಬರೆಯುತ್ತಾ ಹೋದರೆ ಕೊನೆಗೆ 1,00,000 ಮುಟ್ಟುತ್ತದೆ. ಅಂಗಡಿ ಬಾಡಿಗೆಗೆ ದೊಡ್ಡ ಅಡ್ವಾನ್ಸ್ ಕೇಳುವ ನಮ್ಮ ಕಡೆ ಈ ಮೊತ್ತ ಚಿಕ್ಕದಲ್ಲ.

ಇನ್ನೊಂದು ನಮ್ಮೂರ ವಿಷಯ: ಹನ್ನೊಂದು ತಿಂಗಳ ಅಗ್ರಿಮೆಂಟ್. 12 ತಿಂಗಳೊಳಗಿನ ಲೀಸ್‌ಗೆ ವಿನಾಯಿತಿ ಇದೆ, ಹಾಗಂತ ಕಾಗದದ ಮೇಲಿನ ತಿಂಗಳನ್ನಷ್ಟೇ ಎಣಿಸಿ ಬಿಟ್ಟುಬಿಡಬೇಡಿ. ಇಬ್ಬರೂ ಯಾವಾಗ ಬೇಕಾದರೂ ಹೆಚ್ಚು ನಷ್ಟವಿಲ್ಲದೆ ಬಿಟ್ಟುಹೋಗಬಹುದಾದರೆ ಮಾತ್ರ ಆ ಅವಧಿ ಅಲ್ಲಿಗೆ ನಿಲ್ಲುತ್ತದೆ. ಲಕ್ಷಾಂತರ ಸುರಿದು ಒಳಗೆ ಕೆಲಸ ಮಾಡಿಸಿದ ಶೋರೂಂ ಹನ್ನೊಂದು ತಿಂಗಳಿಗೆ ಖಾಲಿ ಮಾಡಿದರೆ ಆ ಖರ್ಚು ಮುಳುಗುತ್ತದೆ. ನಷ್ಟ ಅನ್ನುವಾಗ ಅಗ್ರಿಮೆಂಟ್‌ನಲ್ಲಿ ಬರೆದ ದಂಡವನ್ನಷ್ಟೇ ಅಲ್ಲ, ಇಂಥದ್ದನ್ನೂ ನೋಡಬೇಕು ಅಂತ 2019ರ ನವೆಂಬರ್‌ನಲ್ಲಿ ಐಎಫ್‌ಆರ್‌ಎಸ್ (ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ) ಇಂಟರ್‌ಪ್ರಿಟೇಶನ್ಸ್ ಕಮಿಟಿ ಸ್ಪಷ್ಟಪಡಿಸಿತು. ಕೇಸ್ ಸ್ಟಡಿ ಪ್ರಶ್ನೆಯಲ್ಲಿ ಒಳಾಂಗಣದ ಖರ್ಚು ಕೊಟ್ಟಿದ್ದಾರೆ ಅಂದರೆ ಅದು ಸುಮ್ಮನೆ ಕೊಟ್ಟದ್ದಲ್ಲ.

ಟಮಕ_ಕಾಮರ್ಸ್:

ನಾಲ್ಕನೆಯದಕ್ಕೆ ಉತ್ತರ: ಬೇಡ. ಹಾಲು ಒಕ್ಕೂಟ ಸಹಕಾರ ಸಂಘದ ಕಾಯ್ದೆಯಡಿ ನೋಂದಣಿ ಆದದ್ದು, ಕಂಪನಿ ಅಲ್ಲ. ಇಂಡ್ ಎಎಸ್ ಬರುವುದು 2013ರ ಕಂಪನಿ ಕಾಯ್ದೆಯ ಸೆಕ್ಷನ್ 133ರ ಮೂಲಕ. ಅಳವಡಿಕೆಯೇ ಇಲ್ಲದ ಕಡೆ ಅಳವಡಿಕೆ ಹುಡುಕಿದರೆ ವೈವಾದಲ್ಲಿ ಮೊದಲ ಪ್ರಶ್ನೆಗೇ ನಿಲ್ಲುತ್ತದೆ. ಬ್ಯಾಂಕ್‌ನಲ್ಲಿ ಇಂಡ್ ಎಎಸ್ 109 ಅನ್ನುವ ವಿಷಯಕ್ಕೂ ಇದೇ ಗತಿ. ರಿಸರ್ವ್ ಬ್ಯಾಂಕ್ 2019ರ ಮಾರ್ಚ್‌ನಲ್ಲಿ ವಾಣಿಜ್ಯ ಬ್ಯಾಂಕ್‌ಗಳಿಗೆ ಇಂಡ್ ಎಎಸ್ ಅನ್ನು ಮುಂದಿನ ಸೂಚನೆಯವರೆಗೆ ಮುಂದೂಡಿತು. ಸಾಲನಷ್ಟದ ಲೆಕ್ಕವೇ ಬೇಕು ಅಂದರೆ ಇಂಡ್ ಎಎಸ್ ಪಾಲಿಸುವ ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಕಂಪನಿ) ತೆಗೆದುಕೊಳ್ಳಿ.

ಹತ್ತಿರದ ವಿಷಯ ಬೇಕಿದ್ದರೆ ಕೆಜಿಎಫ್‌ನಲ್ಲಿ ಕಾರ್ಖಾನೆ ಇರುವ ಬೆಮೆಲ್, ಗುಬ್ಬಿ ಹತ್ತಿರ ಹೆಲಿಕಾಪ್ಟರ್ ಕಾರ್ಖಾನೆ ಇರುವ ಎಚ್‌ಎಎಲ್ ಎರಡೂ ಲಿಸ್ಟ್ ಆದ ಕಂಪನಿಗಳು. ವಾರ್ಷಿಕ ವರದಿ ಅವರ ತಾಣದಲ್ಲೇ ಸಿಗುತ್ತದೆ. ಒಂದೇ ಕಂಪನಿ, ಐದು ವರ್ಷ, ಒಂದೇ ಸ್ಟ್ಯಾಂಡರ್ಡ್, ಅಷ್ಟು ಸಾಕು. ಆದಾಯದ ಇಂಡ್ ಎಎಸ್ 115 ಹಿಡಿದರೆ ಆದಾಯವನ್ನು ಒಂದು ಕ್ಷಣದಲ್ಲಿ ಗುರುತಿಸಿದ್ದಾರಾ, ಕಾಲ ಕಳೆದಂತೆ ಗುರುತಿಸಿದ್ದಾರಾ, ಯಾವ ಆಧಾರದ ಮೇಲೆ ಅನ್ನುವುದನ್ನು ನೋಟ್ಸ್‌ನಿಂದ ಹೆಕ್ಕಿ ವರ್ಷವಾರು ಹೋಲಿಸಿ. ನೂರು ಜನಕ್ಕೆ ಪ್ರಶ್ನಾವಳಿ ಹಂಚಿ "ಇಂಡ್ ಎಎಸ್ ಉಪಯುಕ್ತವೇ" ಅಂತ ಕೇಳುವ ಪ್ರಾಜೆಕ್ಟ್‌ನಿಂದ ಕಲಿಯುವುದು ಬಹಳ ಕಡಿಮೆ.

ಜೆರಾಕ್ಸ್ ನೋಟ್ಸ್ ಬಗ್ಗೆಯೂ ಹೇಳಲೇಬೇಕು. ಇಂಡ್ ಎಎಸ್ 17 ಇನ್ನೂ ಇದ್ದರೆ ಆ ನೋಟ್ಸ್ 2019ಕ್ಕಿಂತ ಹಳೆಯದು. ಆದಾಯಕ್ಕೆ 18, ನಿರ್ಮಾಣ ಗುತ್ತಿಗೆಗೆ 11 ಅಂತಿದ್ದರೆ 2018ರ ಏಪ್ರಿಲ್‌ಗಿಂತ ಹಿಂದಿನದು, ಈಗ ಎರಡಕ್ಕೂ 115. ಅಕೌಂಟಿಂಗ್ ಪಾಲಿಸಿಗೆ "ಸಿಗ್ನಿಫಿಕಂಟ್" ಅಂತಿದ್ದರೆ 2023ರ ಏಪ್ರಿಲ್ 1ರಿಂದ ಅಲ್ಲಿ "ಮಟೀರಿಯಲ್" ಬಂದಿದೆ. ಐಎಫ್‌ಆರ್‌ಎಸ್ 18 ಹೊರಗೆ 2027ರ ಜನವರಿ 1ರಿಂದ ಹಣಕಾಸು ಪಟ್ಟಿಗಳ ಮಂಡನೆಗೆ ಇರುವ ಐಎಎಸ್ 1ರ ಜಾಗಕ್ಕೆ ಬರುತ್ತದೆ. ಅದರ ಭಾರತೀಯ ರೂಪದ ಬಗ್ಗೆ ಬರೆಯುವಾಗ ಕಂಪನಿ ವ್ಯವಹಾರಗಳ ಸಚಿವಾಲಯದ ಅಧಿಸೂಚನೆ ನೋಡಿಕೊಂಡೇ ಬರೆಯಿರಿ. ಪೂರ್ತಿ ಇಂಡ್ ಎಎಸ್ ಪಠ್ಯ ಸಚಿವಾಲಯದ ಮತ್ತು ಐಸಿಎಐ (ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ) ತಾಣದಲ್ಲಿ ಉಚಿತ. ಪ್ರತಿ ಸ್ಟ್ಯಾಂಡರ್ಡ್‌ನ ಕೊನೆಯಲ್ಲಿರುವ ಅಪೆಂಡಿಕ್ಸ್ 1 ಬಿಡಬೇಡಿ, ಐಎಫ್‌ಆರ್‌ಎಸ್‌ಗೂ ನಮ್ಮದಕ್ಕೂ ಇರುವ ವ್ಯತ್ಯಾಸ ಅಲ್ಲೇ ಇದೆ. ಉದಾಹರಣೆಗೆ, ಇನ್ವೆಸ್ಟ್‌ಮೆಂಟ್ ಪ್ರಾಪರ್ಟಿಗೆ ಅಲ್ಲಿ ಫೇರ್ ವ್ಯಾಲ್ಯೂ ಮಾದರಿಯೂ ಇದೆ, ನಮ್ಮ ಇಂಡ್ ಎಎಸ್ 40ರಲ್ಲಿ ಕಾಸ್ಟ್ ಮಾದರಿ ಮಾತ್ರ. ಕಡಿಮೆ ಬೆಲೆಗೆ ಕಂಪನಿ ಕೊಂಡ ಲಾಭ ಅಲ್ಲಿ ಪಿ ಅಂಡ್ ಎಲ್‌ಗೆ, ಇಂಡ್ ಎಎಸ್ 103ರಲ್ಲಿ ಓಸಿಐ (ಲಾಭ-ನಷ್ಟದ ಹೊರಗೆ ತೋರಿಸುವ ಇತರ ಆದಾಯ) ಮೂಲಕ ಕ್ಯಾಪಿಟಲ್ ರಿಸರ್ವ್‌ಗೆ.

ಕಲ್ಪತರು_ಎಂಕಾಂ:

ಎಲ್ಲರಿಗೂ ತುಂಬ ಧನ್ಯವಾದ. ಪ್ರಾಜೆಕ್ಟ್ ವಿಷಯ ಬದಲಿಸುತ್ತೇನೆ. ಸರ್, ಇನ್ನೆರಡು: ಉತ್ತರದಲ್ಲಿ ಪ್ಯಾರಾ ನಂಬರ್ ಹಾಕಲೇಬೇಕಾ? ಮತ್ತೆ ಪ್ರುಡೆನ್ಸ್ (ಲೆಕ್ಕದಲ್ಲಿ ಎಚ್ಚರ) ಈಗ ಫ್ರೇಮ್‌ವರ್ಕ್‌ನಲ್ಲಿ, ಅಂದರೆ ಸ್ಟ್ಯಾಂಡರ್ಡ್‌ಗಳ ಹಿಂದಿರುವ ಮೂಲ ಪರಿಕಲ್ಪನೆಗಳ ದಾಖಲೆಯಲ್ಲಿ, ಇದೆಯೋ ಇಲ್ಲವೋ? ಒಂದು ನೋಟ್ಸ್‌ನಲ್ಲಿ ತೆಗೆದಿದ್ದಾರೆ ಅಂತಿದೆ, ಇನ್ನೊಂದರಲ್ಲಿ ಇದೆ ಅಂತಿದೆ.

ಟಮಕ_ಕಾಮರ್ಸ್:

ಪ್ಯಾರಾ ನಂಬರ್ ಬೇಕಿಲ್ಲ. ಸ್ಟ್ಯಾಂಡರ್ಡ್‌ನ ಸಂಖ್ಯೆ, ಹೆಸರು, ನಿಯಮದ ತಿರುಳು, ಅದನ್ನು ಕೊಟ್ಟ ಅಂಕಿಗೆ ಹಚ್ಚಿದ ರೀತಿ, ಕೊನೆಗೆ ಬ್ಯಾಲೆನ್ಸ್ ಶೀಟ್‌ನಲ್ಲಿ ಎಲ್ಲಿ ಕೂರುತ್ತದೆ ಅನ್ನುವ ಒಂದು ಸಾಲು. ತಪ್ಪು ಪ್ಯಾರಾ ನಂಬರ್‌ಗಿಂತ ನಂಬರ್ ಇಲ್ಲದ ಸರಿ ವಾಕ್ಯ ಒಳ್ಳೆಯದು.

ಪ್ರುಡೆನ್ಸ್ ವಿಷಯದಲ್ಲಿ ಎರಡೂ ನೋಟ್ಸ್ ಅವುಗಳ ಕಾಲಕ್ಕೆ ಸರಿ. 1989ರ ಫ್ರೇಮ್‌ವರ್ಕ್‌ನಲ್ಲಿ ಇತ್ತು, 2010ರಲ್ಲಿ ತೆಗೆದರು, 2018ರಲ್ಲಿ ಮತ್ತೆ ತಂದರು. ಆದರೆ ಬಂದದ್ದು ಬೇರೆ ಅರ್ಥದಲ್ಲಿ. ಅನಿಶ್ಚಿತತೆ ಇರುವ ಕಡೆ ಅಂದಾಜು ಮಾಡುವಾಗ ಎಚ್ಚರ ಇರಲಿ ಅಂತ, ನ್ಯೂಟ್ರಾಲಿಟಿಯ ಕೆಳಗೆ. ಆಸ್ತಿಯನ್ನು ಬೇಕೆಂದೇ ಕಡಿಮೆ, ಸಾಲವನ್ನು ಬೇಕೆಂದೇ ಹೆಚ್ಚು ತೋರಿಸಲು ಅದು ಅನುಮತಿ ಕೊಡುವುದಿಲ್ಲ. ನಮ್ಮ ಹಳೆಯ ಎಎಸ್ 1ರಲ್ಲಿ ಪ್ರುಡೆನ್ಸ್, ಸಬ್‌ಸ್ಟೆನ್ಸ್ ಓವರ್ ಫಾರ್ಮ್ (ಕಾಗದದ ರೂಪಕ್ಕಿಂತ ವಹಿವಾಟಿನ ತಿರುಳು ಮುಖ್ಯ), ಮಟೀರಿಯಾಲಿಟಿ ಮೂರು ಸಾಲಾಗಿ ನಿಲ್ಲುತ್ತವೆ. ಆ ಪಟ್ಟಿಯನ್ನು ಫ್ರೇಮ್‌ವರ್ಕ್ ಪ್ರಶ್ನೆಗೆ ಬರೆದರೆ ತಪ್ಪು. ಫ್ರೇಮ್‌ವರ್ಕ್‌ನಲ್ಲಿ ಮೂಲ ಗುಣಗಳು ಎರಡೇ, ರೆಲವೆನ್ಸ್ (ನಿರ್ಧಾರಕ್ಕೆ ಉಪಯೋಗ) ಮತ್ತು ಫೇತ್‌ಫುಲ್ ರೆಪ್ರೆಸೆಂಟೇಶನ್ (ಇದ್ದದ್ದನ್ನು ಇದ್ದಂತೆ ತೋರಿಸುವುದು). ಮಟೀರಿಯಾಲಿಟಿ ಮೊದಲನೆಯದರ ಒಳಗೆ, ಉಳಿದೆರಡು ಎರಡನೆಯದರ ಒಳಗೆ.

ಇದರ ಜೊತೆಗೇ ಇನ್ನೊಂದು ಗಂಟು ಬಿಡಿಸಿಕೊಂಡುಬಿಡಿ. 2018ರ ಫ್ರೇಮ್‌ವರ್ಕ್‌ನಲ್ಲಿ ಆಸ್ತಿ, ಹೊಣೆ ಎರಡರ ವ್ಯಾಖ್ಯೆಯಿಂದಲೂ "ಲಾಭ ಬರುವ ಅಥವಾ ಹಣ ಹೋಗುವ ನಿರೀಕ್ಷೆ" ಅನ್ನುವ ಮಾತು ಹೋಯಿತು. ಹಾಗೆ ಆಗಬಲ್ಲ ಸಾಮರ್ಥ್ಯ ಇದ್ದರೆ ಸಾಕು. ಇದನ್ನು ಓದಿ ಇಂಡ್ ಎಎಸ್ 37ರ ಪ್ರಾವಿಷನ್ (ಮೊತ್ತ ಅಥವಾ ಸಮಯ ಖಚಿತವಿಲ್ಲದ ಹೊಣೆ) ಲೆಕ್ಕದಲ್ಲೂ ಸಂಭವನೀಯತೆ ಬಿಟ್ಟುಬಿಡುವವರಿದ್ದಾರೆ. 37ಕ್ಕೆ ಅದರದೇ ನಿಯಮ ಇದೆ: ಹಿಂದಿನ ಘಟನೆಯಿಂದ ಬಂದ ಈಗಿನ ಹೊಣೆ, ಹಣ ಹೋಗುವ ಸಂಭವ ಹೋಗದಿರುವುದಕ್ಕಿಂತ ಹೆಚ್ಚು, ನಂಬುವಂಥ ಅಂದಾಜು. ಮೂರೂ ಇದ್ದರೆ ಪ್ರಾವಿಷನ್. ಫ್ರೇಮ್‌ವರ್ಕ್‌ಗೂ ಸ್ಟ್ಯಾಂಡರ್ಡ್‌ಗೂ ಜಗಳ ಬಂದರೆ ಗೆಲ್ಲುವುದು ಸ್ಟ್ಯಾಂಡರ್ಡ್. ಅಭ್ಯಾಸಕ್ಕೆ ಒಂದು ಪ್ರಶ್ನೆ ಕೊಡುತ್ತೇನೆ, ಇಲ್ಲೇ ಉತ್ತರ ಬರೆಯಿರಿ: ಗಣಿ ಕಂಪನಿಯೊಂದು ಅದಿರು ಅರೆದು ಉಳಿದ ಮಣ್ಣಿನ ದಿಬ್ಬವನ್ನು ಊರ ಪಕ್ಕ ಬಿಟ್ಟಿದೆ. ಸ್ವಚ್ಛ ಮಾಡಬೇಕೆಂಬ ಕಾನೂನು ಇಲ್ಲ, ಆದರೆ ಮಾಡುತ್ತೇವೆ ಅಂತ ಕಂಪನಿ ವಾರ್ಷಿಕ ವರದಿಯಲ್ಲಿ ಬಹಿರಂಗವಾಗಿ ಹೇಳಿದೆ, ಬೇರೆ ಗಣಿಗಳಲ್ಲಿ ಮಾಡಿಯೂ ತೋರಿಸಿದೆ. ಪ್ರಾವಿಷನ್ ಬೇಕೇ? ಬೇಕಾದರೆ ಡೆಬಿಟ್ ಯಾವುದಕ್ಕೆ, ಪಿ ಅಂಡ್ ಎಲ್‌ಗೋ, ಆಸ್ತಿಗೋ, ಯಾಕೆ?